ಆಮಶಂಕೆ ಬಾರದಂತೆ ತಡೆಯುವುದು ಹೇಗೆ?

ಮುಂಗಾರು ಬಿದ್ದು ಬಿತ್ತನೆ ಕೆಲಸ ಭರದಿಂದ ಸಾಗುವ ದಿನಗಳಲ್ಲೇ ಹಳ್ಳಿಗಳಲ್ಲಿ ಆಮಶಂಕೆಯ ಹಾವಳಿಯೂ ಹೆಚ್ಚುತ್ತದೆ. ದುಡಿಯುವವರು ಮಲಗಿದರೆ ಹೊಲದ ಕೆಲಸ ಕೆಡುತ್ತದೆ. ಎಳೆಯ ಮಕ್ಕಳಿಗೆ ಬಂದರೆ ಪ್ರಾಣಕ್ಕೇ ಅಪಾಯ. ಈ ರೋಗವು ಒಬ್ಬರ ಮಲದಿಂದ ಮತ್ತೊಬ್ಬರ ಬಾಯಿಗೆ ಸಾಗುತ್ತದೆ. ನೀರು, ನೊಣ, ಆಹಾರ ಮತ್ತು ಕೈಗಳು ಇದರ ವಾಹಕಗಳು. ಈ ದಾರಿಯನ್ನು ಮುಚ್ಚುವುದೇ ನಿಜವಾದ ತಡೆ.

ರೋಗದ ಬಗೆಗಳು

ಸಾಮಾನ್ಯ ಭೇದಿಯಲ್ಲಿ ಮಲ ನೀರಾಗಿ ಹೋಗುತ್ತದೆ. ಆಮಶಂಕೆಯಲ್ಲಿ ಮಲದೊಡನೆ ರಕ್ತ ಮತ್ತು ಲೋಳೆ ಬೀಳುತ್ತವೆ, ಹೊಟ್ಟೆ ನುಲಿಯುತ್ತದೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ.

1. ಷಿಗೆಲ್ಲ ಎಂಬ ಬ್ಯಾಕ್ಟೀರಿಯಾದಿಂದ ಬರುವುದು. ಇದನ್ನು 1897ರಲ್ಲಿ ಜಪಾನಿನ ಕಿಯೋಷಿ ಷಿಗಾ ಕಂಡುಹಿಡಿದರು. ಜ್ವರದೊಡನೆ ಥಟ್ಟನೆ ಬರುತ್ತದೆ. ನೂರಕ್ಕಿಂತ ಕಡಿಮೆ ಜೀವಾಣುಗಳು ಹೊಟ್ಟೆ ಸೇರಿದರೂ ರೋಗ ತಗಲಬಹುದು.

2. ಅಮೀಬಾದಿಂದ ಬರುವುದು. ನಿಧಾನವಾಗಿ ಬಂದು ಬಹುಕಾಲ ಕಾಡುತ್ತದೆ. ಕೆಲವರಲ್ಲಿ ಯಕೃತ್ತಿನಲ್ಲಿ ಕೀವು ಕಟ್ಟುವುದೂ ಉಂಟು. ಆರೋಗ್ಯವಂತರಂತೆ ಕಾಣುವವರೂ ಇದನ್ನು ಹರಡಬಲ್ಲರು.

ಬಾವಿ ನೀರಿನ ಶುದ್ಧೀಕರಣ

1000 ಲೀಟರ್ ನೀರಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ ಸುಮಾರು 2.5 ಗ್ರಾಂ ಬೇಕು. ದುಂಡು ಬಾವಿಯ ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದಲೂ 785ರಿಂದಲೂ ಗುಣಿಸಿದರೆ ನೀರಿನ ಪ್ರಮಾಣ ಲೀಟರಿನಲ್ಲಿ ದೊರೆಯುತ್ತದೆ (ಅಳತೆ ಮೀಟರಿನಲ್ಲಿರಲಿ). ಉದಾಹರಣೆಗೆ, 3 ಮೀಟರ್ ಅಡ್ಡಳತೆಯ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್. ಪುಡಿ 70 ಗ್ರಾಂ ಸಾಕು.

ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಡನೆ ಕಲಸಿ, ಅನಂತರ ಹೆಚ್ಚು ನೀರು ಸೇರಿಸಿ ಹತ್ತು ನಿಮಿಷ ಬಿಡಿ. ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬೆರೆಸಿ. ಅಡಿಯ ಸುಣ್ಣವನ್ನು ಹಾಕಬಾರದು. ಒಂದು ಗಂಟೆಯಾದರೂ ನೀರು ಸೇದಬಾರದು. ಆದ್ದರಿಂದ ರಾತ್ರಿ ಹಾಕುವುದು ಅನುಕೂಲ. ಅಮೀಬಾದ ಗಟ್ಟಿ ಕೋಶಗಳು ಈ ಪ್ರಮಾಣದ ಕ್ಲೋರಿನ್‌ಗೆ ಸಾಯುವುದಿಲ್ಲ. ಆದಕಾರಣ ಕುಡಿಯುವ ನೀರನ್ನು ಕುದಿಸಿ ಆರಿಸುವುದು ಕ್ಷೇಮ.

ಶೌಚಾಲಯ ಮತ್ತು ಗೊಬ್ಬರ

ಶೌಚಾಲಯದ ಗುಂಡಿ ಬಾವಿಯಿಂದ 15 ಮೀಟರಿಗಿಂತ ದೂರದಲ್ಲಿ, ಇಳಿಜಾರಿನ ಕೆಳಗಡೆ ಇರಬೇಕು. ಜೋಡಿ ಗುಂಡಿಗಳಿದ್ದರೆ ಒಂದು ತುಂಬಿದಾಗ ಅದನ್ನು ಮುಚ್ಚಿ ಇನ್ನೊಂದನ್ನು ಬಳಸಿ. ಮುಚ್ಚಿದ ಗುಂಡಿಯನ್ನು 2 ವರ್ಷ ಹಾಗೆಯೇ ಬಿಟ್ಟರೆ ಮಲ ಕಳಿತು ಗೊಬ್ಬರವಾಗುತ್ತದೆ. ಹಸಿ ಮಲವನ್ನಾಗಲಿ, ಚರಂಡಿ ನೀರನ್ನಾಗಲಿ ಸೊಪ್ಪು ತರಕಾರಿಗೆ ಹಾಯಿಸಕೂಡದು. ಮಕ್ಕಳ ಮಲವನ್ನೂ ಶೌಚಾಲಯಕ್ಕೇ ಹಾಕಬೇಕು. ಶೌಚದ ನಂತರ, ಮಗುವಿಗೆ ತೊಳೆದ ನಂತರ, ಅಡುಗೆ ಮತ್ತು ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಿರಿ.

ರೋಗ ಬಂದಾಗ

* ಮಲದಲ್ಲಿ ರಕ್ತ ಕಂಡೊಡನೆ ರೋಗಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಎರಡು ಬಗೆಗೂ ಔಷಧಿ ಬೇರೆ ಬೇರೆ.
* ಭೇದಿ ಕಟ್ಟುವ ಮಾತ್ರೆಯನ್ನು ಅಂಗಡಿಯಿಂದ ತಂದು ಕೊಡಬೇಡಿ. ಅದರಿಂದ ರೋಗ ಉಲ್ಬಣಿಸಬಹುದು.
* ಓಆರ್‌ಎಸ್ ದ್ರಾವಣವನ್ನು ಆಗಾಗ್ಗೆ ಕುಡಿಸಿ. ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಮತಟ್ಟಾದ ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಿ. ಉಪ್ಪು ಹೆಚ್ಚಾಗಬಾರದು.
* ಎದೆಹಾಲು ನಿಲ್ಲಿಸಬೇಡಿ, ರೋಗಿಯನ್ನು ಉಪವಾಸ ಕೆಡವಬೇಡಿ. ಗಂಜಿ, ಮೆದು ಅನ್ನ ಕೊಡಿ. ಮಕ್ಕಳಿಗೆ ವೈದ್ಯರು ಹೇಳಿದಂತೆ 14 ದಿನ ಸತುವಿನ ಮಾತ್ರೆ ಕೊಡಬೇಕು.
* ಕಣ್ಣು ಗುಳಿ ಬಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ ಒಂದು ಗಳಿಗೆಯೂ ತಡಮಾಡಬೇಡಿ. ದಾರಿಯಲ್ಲಿಯೂ ದ್ರಾವಣ ಕುಡಿಸುತ್ತಿರಿ.

ಒಂದು ಮನೆಯವರು ಮಾತ್ರ ಎಚ್ಚರ ವಹಿಸಿದರೆ ಸಾಲದು. ಬಾವಿ ಊರಿಗೆಲ್ಲ ಒಂದೇ. ಅದರ ಶುದ್ಧಿಯೂ ಊರವರೆಲ್ಲರ ಹೊಣೆ.