ಬದಿಗಿಟ್ಟ ಹಾಡುಗಳು

ಪ್ರಾಚೀನ ಕಾವ್ಯಗಳನ್ನು ಸಂಪಾದಿಸುವವರು ಪಾಠಾಂತರಗಳನ್ನು ಕಸವೆಂದು ಎಸೆಯುವುದಿಲ್ಲ, ಅಡಿಟಿಪ್ಪಣಿಯಲ್ಲಿ ಕಾಪಾಡಿಡುತ್ತಾರೆ. ಧ್ವನಿಮುದ್ರಿತ ಸಂಗೀತಕ್ಕೂ ಇಂತಹ ಪಾಠಾಂತರಗಳುಂಟು. ಸ್ಟುಡಿಯೋದಲ್ಲಿ ಒಂದೇ ಹಾಡನ್ನು ಹಲವು ಬಾರಿ ಹಾಡಿ, ಒಂದನ್ನು ಆರಿಸಿ, ಉಳಿದುವನ್ನು ಬದಿಗಿಡುವುದು ರೂಢಿ. ಹಾಗೆ ಬದಿಗಿಟ್ಟುದನ್ನು ಕೇಳುವುದರಿಂದ ರಸಿಕರಿಗೆ ಲಾಭವೇನು? 2016ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಪಾರಿತೋಷಕ ಪಡೆದ ಅಮೆರಿಕದ ರಾಕ್ ಗಾಯಕ ಬಾಬ್ ಡಿಲನ್ನರ ಎರಡು ಹಾಡುಗಳಿಂದ ಇದನ್ನು ತಿಳಿಯಬಹುದು.

ಮೊದಲನೆಯದು ಲೋಕಪ್ರಸಿದ್ಧವಾದ ‘ಲೈಕ್ ಎ ರೋಲಿಂಗ್ ಸ್ಟೋನ್’. 1965ರ ಜೂನ್ 15 ಮತ್ತು 16ರಂದು ನ್ಯೂಯಾರ್ಕಿನಲ್ಲಿ ಇದರ ಮುದ್ರಣ ನಡೆಯಿತು. ಮೊದಲ ದಿನ ಹಾಡು ಮೂರೆಣಿಕೆಯ ವಾಲ್ಟ್ಸ್ ನಡೆಯಲ್ಲಿತ್ತು. ನಮ್ಮ ತಿಶ್ರದಂತೆ ತೂಗುವ ನಡೆ ಅದು. ಮರುದಿನ ನಾಲ್ಕೆಣಿಕೆಗೆ ತಿರುಗಿತು. ಆ ದಿನದ ನಾಲ್ಕನೆಯ ಯತ್ನವೇ ಜಗತ್ತು ಬಲ್ಲ ಹಾಡು. ಉಳಿದ ಯತ್ನಗಳು 2015ರಲ್ಲಿ ‘ದಿ ಕಟಿಂಗ್ ಎಡ್ಜ್’ ಸಂಪುಟದಲ್ಲಿ ಬೆಳಕು ಕಂಡವು. ತೂಗುವ ನಡೆಯಲ್ಲಿ ಮರುಕದಂತೆ ಕೇಳುವ ಹಾಡು ನಾಲ್ಕೆಣಿಕೆಯಲ್ಲಿ ಸವಾಲಾಗಿ ನಿಲ್ಲುತ್ತದೆ. ತಾಳ ಬದಲಾದರೆ ಭಾವವೂ ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಎರಡನೆಯದರ ಕಥೆಯೇ ಬೇರೆ. ಜಾರ್ಜಿಯಾ ಪ್ರಾಂತದ ಬ್ಲೈಂಡ್ ವಿಲ್ಲಿ ಮೆಕ್‌ಟೆಲ್ ಎಂಬ ಅಂಧ ಗಾಯಕರು ಹನ್ನೆರಡು ತಂತಿಯ ಗಿಟಾರ್ ನುಡಿಸುತ್ತ ಬ್ಲೂಸ್ ಹಾಡುತ್ತಿದ್ದರು, 1959ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲೇ ಡಿಲನ್ನರು ಒಂದು ಹಾಡು ಕಟ್ಟಿ, 1983ರಲ್ಲಿ ‘ಇನ್ಫಿಡೆಲ್ಸ್’ ಸಂಪುಟಕ್ಕೆಂದು ಮುದ್ರಿಸಿ, ಕೈಬಿಟ್ಟರು. ಅದು ಪ್ರಕಟವಾದುದು 1991ರಲ್ಲಿ. ಡಿಲನ್ನರ ಪಿಯಾನೋ, ಮಾರ್ಕ್ ನಾಫ್ಲರರ ಗಿಟಾರ್, ಇವೆರಡೇ ವಾದ್ಯ. ಗುಲಾಮಗಿರಿಯ ನಾಡಿನ ನೋವು ಆ ಬಿಡುವಿನಲ್ಲಿ ತುಂಬಿಕೊಳ್ಳುತ್ತದೆ. 2021ರಲ್ಲಿ ಹೊರಬಂದ, ಪೂರ್ಣ ಮೇಳದ ರೂಪದೊಡನೆ ಹೋಲಿಸಿದರೆ, ವಾದ್ಯ ಕಡಮೆಯಾದಂತೆ ಧ್ವನಿ ಹೇಗೆ ಆಳವಾಗುತ್ತದೆಂಬುದು ತಿಳಿಯುತ್ತದೆ.

ಕರ್ತೃವೇ ಒಲ್ಲೆನೆಂದುದನ್ನು ನಾವು ಕೇಳಬಹುದೆ ಎಂಬ ಆಕ್ಷೇಪಣೆ ನ್ಯಾಯವಾದುದೇ. ಬದಿಗಿಟ್ಟವುಗಳೆಲ್ಲ ರತ್ನವಲ್ಲ, ಎಷ್ಟೋ ಬಡಗಿಯ ಹೊಟ್ಟು ಮಾತ್ರ. ಆದರೆ ಕೈಬಿಟ್ಟ ಈ ಹಾಡನ್ನು 1993ರಲ್ಲಿ ‘ದಿ ಬ್ಯಾಂಡ್’ ಮೇಳದವರು ಮುದ್ರಿಸಿದರು. 1997ರಿಂದ ಡಿಲನ್ನರೇ ವೇದಿಕೆಯ ಮೇಲೆ ಹಾಡತೊಡಗಿದರು. ಕರ್ತೃವಿನ ಮೊದಲ ತೀರ್ಪೇ ಕೊನೆಯ ತೀರ್ಪಾಗಬೇಕಿಲ್ಲ.

ಕೇಳುವ ಕ್ರಮ ಸುಲಭ. ಪ್ರಸಿದ್ಧ ಪಾಠವನ್ನು ಮೊದಲು ಕಿವಿಗೆ ಒಗ್ಗಿಸಿಕೊಳ್ಳಿ; ಅನಂತರ ಒಂದೇ ಒಂದು ಪಾಠಾಂತರವನ್ನು ತೆಗೆದುಕೊಳ್ಳಿ. ನಡೆ ಬದಲಾಯಿತೇ, ವಾದ್ಯ ಬದಲಾಯಿತೇ, ಮಾತು ಬದಲಾಯಿತೇ ಎಂದು ಗಮನಿಸಿ. ಆಮೇಲೆ ಮೂಲಕ್ಕೆ ಮರಳಿದರೆ, ಬಲ್ಲೆವೆಂದುಕೊಂಡಿದ್ದ ಹಾಡೇ ಹೊಸದಾಗಿ ಕೇಳಿಸುತ್ತದೆ.