ನಾಯಿಯ ಕೊರಳಿಗೆ ಎಂಥ ಪಟ್ಟಿ?

ರಾತ್ರಿಯ ವಾರ್ತೆ ಕೇಳಲೆಂದು ನೀವು ರೇಡಿಯೋದ ಮುಂದೆ ಕುಳಿತಿರುತ್ತೀರಿ. ಅಷ್ಟರಲ್ಲಿ ಅಂಗಳದ ಗೇಟಿಗೆ ಕಟ್ಟಿದ ನಾಯಿ ಬೊಗಳಲು ಮೊದಲು ಮಾಡುತ್ತದೆ. ಗದರಿಸಿದರೆ ಕೇಳದು, ಎದ್ದು ಹೋಗಿ ಸರಪಳಿ ಜಗ್ಗಿದರೆ ಗಳಿಗೆ ಹೊತ್ತು ಸುಮ್ಮನಿದ್ದು ಮತ್ತೆ ಮೊದಲಿನ ಹಾಗೆಯೇ. ಮರುದಿನ ಬೆಳಿಗ್ಗೆ ಅದನ್ನು ತಿರುಗಾಡಿಸಲು ಒಯ್ದರೆ, ನೀವು ಅದನ್ನು ಒಯ್ಯುತ್ತಿರುವಿರೋ ಅದು ನಿಮ್ಮನ್ನು ಎಳೆದೊಯ್ಯುತ್ತಿದೆಯೋ ತಿಳಿಯದು. ಇದನ್ನು ಕಂಡ ನೆರೆಯವರು, "ಮುಳ್ಳಿನ ಪಟ್ಟಾ ಹಾಕಿರಿ, ಎಂಟು ದಿನದಲ್ಲಿ ನೆಟ್ಟಗಾಗುತ್ತದೆ" ಎಂದು ಸಲಹೆ ಕೊಡುತ್ತಾರೆ. ಬೀದರಿನಲ್ಲಾಗಲಿ, ಭಾಲ್ಕಿ, ಔರಾದಗಳಲ್ಲಾಗಲಿ ಕೊರಳಪಟ್ಟಿಗೆ ಪಟ್ಟಾ ಎನ್ನುವುದೇ ರೂಢಿ; ಉರ್ದು, ಮರಾಠಿ ಮಾತನಾಡುವ ಮನೆಗಳಲ್ಲೂ ಅದೇ ಹೆಸರು. ಹೆಸರು ಒಂದಾದರೂ ಅಂಗಡಿಯಲ್ಲಿ ತೂಗುಹಾಕಿರುವ ವಸ್ತುಗಳು ಹಲವು ಬಗೆಯವು. ಅವುಗಳಲ್ಲಿ ಯಾವುದನ್ನು ಕೊಳ್ಳಬೇಕು?

ಮೊದಲು ಮುಳ್ಳಿನ ಮಾತನ್ನೇ ಮುಗಿಸೋಣ. ನಾಯಿಯ ಕೊರಳಿಗೆ ಮುಳ್ಳು ಬಂದದ್ದು ಶಿಕ್ಷೆಗಾಗಿ ಅಲ್ಲ, ರಕ್ಷಣೆಗಾಗಿ. ರೋಮಿನ ವಿದ್ವಾಂಸ ವಾರೋ ಎಂಬವನು ಎರಡು ಸಾವಿರ ವರ್ಷಗಳಿಗೂ ಹಿಂದೆ ಕೃಷಿಯನ್ನು ಕುರಿತು ಬರೆದ ಗ್ರಂಥದಲ್ಲಿ ಕುರಿಕಾಯುವ ನಾಯಿಯ ಕೊರಳಪಟ್ಟಿಯನ್ನು ವರ್ಣಿಸಿದ್ದಾನೆ. ಗಟ್ಟಿ ತೊಗಲಿನ ಪಟ್ಟಿ, ಅದರಿಂದ ಹೊರಕ್ಕೆ ಚಾಚಿದ ಮೊಳೆಗಳು. ತೋಳ ಕೊರಳಿಗೆ ಬಾಯಿ ಹಾಕಿದರೆ ಗಾಯವಾಗುವುದು ತೋಳಕ್ಕೆ. ಇನ್ನೂ ಗಮನಿಸತಕ್ಕ ಸಂಗತಿಯೆಂದರೆ, ಮೊಳೆಯ ತಲೆಗಳು ನಾಯಿಯ ಕೊರಳನ್ನು ಒತ್ತದಿರಲೆಂದು ಒಳಗಡೆ ಮೆತ್ತನೆಯ ಚರ್ಮವನ್ನು ಹೊಲಿಯಬೇಕೆಂದೂ ಆತ ಹೇಳುತ್ತಾನೆ. ಹಿಮಾಲಯದ ಗದ್ದಿ ಕುರಿಗಾರರು ಚಿರತೆಯ ಭಯಕ್ಕೆ ತಮ್ಮ ನಾಯಿಗಳಿಗೆ ಹಾಕುವ ಕಬ್ಬಿಣದ ಪಟ್ಟಿಯೂ ಇದೇ ಜಾತಿಯದು. ಹೊರಕ್ಕಿದ್ದ ಮುಳ್ಳನ್ನು ಒಳಕ್ಕೆ ತಿರುಗಿಸಿ ಅದನ್ನು ವಿದ್ಯೆ ಕಲಿಸುವ ಸಾಧನವೆಂದು ಕರೆದದ್ದು ಆಮೇಲಿನವರ ಜಾಣತನ. ಜರ್ಮನಿಯ ಕೋನ್ರಾಡ್ ಮೋಸ್ಟ್ ಎಂಬಾತ 1910ರಲ್ಲಿ ಬರೆದ ನಾಯಿಶಿಕ್ಷಣದ ಪುಸ್ತಕ ಈ ಒತ್ತಾಯದ ಪದ್ಧತಿಗೆ ಬಹಳ ಪ್ರಚಾರ ಕೊಟ್ಟಿತು. ಪೊಲೀಸ್ ಮತ್ತು ಸೈನ್ಯದ ನಾಯಿಗಳಿಗೆ ಹೊಂದಿಸಿ ಬರೆದ ಕ್ರಮ ನಿಧಾನವಾಗಿ ಮನೆಯಂಗಳಕ್ಕೂ ಇಳಿಯಿತು.

ಕೊರಳೆಂಬುದು ಎಂಥ ಜಾಗ ಎಂಬುದನ್ನು ಸ್ವಲ್ಪ ಯೋಚಿಸಿರಿ. ಅಂಗೈಯಗಲದ ಆ ಸ್ಥಳದಲ್ಲಿ ಶ್ವಾಸನಾಳ, ಅನ್ನನಾಳ, ಮೆದುಳಿಗೆ ರಕ್ತ ಒಯ್ಯುವ ಮತ್ತು ಅಲ್ಲಿಂದ ತರುವ ನಾಳಗಳು, ಥೈರಾಯ್ಡ್ ಗ್ರಂಥಿ, ಬೆನ್ನುಹುರಿ ಎಲ್ಲವೂ ಒತ್ತಾಗಿ ಕುಳಿತಿವೆ. 2006ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಕೊರಳಪಟ್ಟಿಗೆ ವಿರುದ್ಧವಾಗಿ ನಾಯಿ ಎಳೆದಾಗ ಅದರ ಕಣ್ಣಿನೊಳಗಿನ ಒತ್ತಡ ಏರುವುದೆಂದೂ, ಎದೆಗೆ ಕಟ್ಟುವ ಪಟ್ಟಿಯಲ್ಲಿ ಹಾಗೆ ಏರುವುದಿಲ್ಲವೆಂದೂ ಕಂಡುಬಂದಿತು. ಸಾಮಾನ್ಯ ಪಟ್ಟಿಯ ಗತಿಯೇ ಹೀಗಾದರೆ, ಎಳೆದಷ್ಟೂ ಬಿಗಿಯುತ್ತ ಹೋಗುವ ಉರುಳು ಸರಪಳಿಯ ವಿಷಯ ಹೇಳಬೇಕಾದುದಿಲ್ಲ. ಅದಕ್ಕೆ ತಡೆಯೇ ಇಲ್ಲ. ಉಸಿರು ಕಟ್ಟುವವರೆಗೂ ಬಿಗಿಯುತ್ತದೆ. ಅದನ್ನು ಹಾಕಿದ ನಾಯಿಯನ್ನು ಗೇಟಿಗೆ ಕಟ್ಟಿ ಊರಿಗೆ ಹೋಗುವವರನ್ನು ಕಂಡಾಗ ಬರೆಯುವವನಿಗೆ ಸಿಟ್ಟು ಬರುತ್ತದೆ, ಏನು ಮಾಡುವುದು!

ಈಗ ವಿದ್ಯುತ್ ಪಟ್ಟಿಯೂ ಬಂದಿದೆ. ಕೈಯಲ್ಲಿ ಗುಂಡಿ ಒತ್ತಿದರೆ ಕೊರಳಿಗೆ ಝಟ್ಟನೆ ಹೊಡೆತ. ಕುರಿಹಿಂಡಿನ ಬೆನ್ನು ಹತ್ತುವ ನಾಯಿಯನ್ನು ಬಿಡಿಸಲು ಇದಿಲ್ಲದೆ ಆಗದು ಎಂದು ಹೇಳುವವರುಂಟು. ಔರಾದದ ಕಡೆ ಹಿಂಡುಗಳಿಗೆ ಕೊರತೆಯಿಲ್ಲ, ಬೀದರಿನ ಸುತ್ತಲ ಬಯಲಿನಲ್ಲಿ ಕೃಷ್ಣಮೃಗಗಳೂ ಇವೆ. ಆದ್ದರಿಂದ ಈ ಮಾತು ನಮಗೂ ಸಂಬಂಧಿಸಿದ್ದೇ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಕರೆದರೆ ಬಾರದ, ದನಕುರಿಗಳನ್ನು ಅಟ್ಟುವ ಇತ್ಯಾದಿ ದೂರುಗಳಿದ್ದ 63 ಸಾಕುನಾಯಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಮಾತ್ರ ವಿದ್ಯುತ್ ಪಟ್ಟಿಯಿಂದ ಕಲಿಸಿದರು. ಉಳಿದವುಗಳಿಗಿಂತ ಅವು ಹೆಚ್ಚಾಗಿ ಏನನ್ನೂ ಕಲಿಯಲಿಲ್ಲ. ಮೈ ಬಿಗಿಹಿಡಿದು ಬೆದರಿದ ಲಕ್ಷಣಗಳನ್ನು ಮಾತ್ರ ಹೆಚ್ಚಾಗಿ ತೋರಿದವು. ವೇಲ್ಸ್ ನಾಡಿನಲ್ಲಿ 2010ರಲ್ಲಿಯೇ ಇದನ್ನು ನಿಷೇಧಿಸಿದರು.

ನೋವು ಕಲಿಸುವುದಿಲ್ಲವೇ ಎಂದು ಕೇಳಬಹುದು. ಕಲಿಸುತ್ತದೆ, ಆದರೆ ನೀವು ಬಯಸಿದ ಪಾಠವನ್ನೇ ಕಲಿಸುತ್ತದೆಂಬ ಭರವಸೆಯಿಲ್ಲ. ಬೀದಿಯಲ್ಲಿ ಮಗುವೊಂದು ಎದುರಿಗೆ ಬಂದಾಗಲೆಲ್ಲ ಕೊರಳಿಗೆ ಮುಳ್ಳು ಚುಚ್ಚಿದರೆ, "ಎಳೆಯಬಾರದು" ಎಂದು ನಾಯಿ ತಿಳಿಯುವ ಬದಲು "ಮಗು ಬಂತು, ನೋವು ಬಂತು" ಎಂದು ತಿಳಿದೀತು. ಮುಂದೊಂದು ದಿನ ಅದು ಆ ಮಗುವಿನ ಮೇಲೆಯೇ ಎರಗಿದರೆ ತಪ್ಪು ಯಾರದು?

ಹಾಗಾದರೆ ಕೊಳ್ಳತಕ್ಕದ್ದು ಯಾವುದು? ಹೆಚ್ಚಿನ ಮನೆಗಳ ನಾಯಿಗೆ ಚಪ್ಪಟೆಯಾದ ತೊಗಲಿನ ಅಥವಾ ನೈಲಾನಿನ ಸಾದಾ ಪಟ್ಟಿ ಸಾಕು. ಕಟ್ಟಿದ ಮೇಲೆ ಪಟ್ಟಿ ಮತ್ತು ಕೊರಳಿನ ನಡುವೆ ನಿಮ್ಮ ಎರಡು ಬೆರಳು ಸರಾಗವಾಗಿ ಹೋಗಬೇಕು. ಅಂಚು ಮೃದುವಾಗಿರಲಿ, ದೊಡ್ಡ ನಾಯಿಗೆ ಅಗಲವಾದದ್ದೇ ಮೇಲು, ಏಕೆಂದರೆ ಸಣ್ಣ ಪಟ್ಟಿ ದಾರದಂತೆ ಕೊರೆಯುತ್ತದೆ. ಮರಿಯಿದ್ದರೆ ವಾರಕ್ಕೊಮ್ಮೆ ಬೆರಳಿಟ್ಟು ನೋಡಿರಿ. ಮರಿ ಬೆಳೆಯುತ್ತದೆ, ಪಟ್ಟಿ ಬೆಳೆಯುವುದಿಲ್ಲ. ಮರೆತ ಪಟ್ಟಿ ಚರ್ಮದೊಳಕ್ಕೆ ಹೂತು ಹುಣ್ಣಾಗುವುದುಂಟು. ಮಳೆಯಲ್ಲಿ ನೆನೆದ ತೊಗಲು ಒಣಗಿ ಸೆಟೆದುಕೊಳ್ಳುವುದರಿಂದ ಆಗಾಗ ಎಣ್ಣೆ ಸವರಬೇಕು. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕಬ್ಬಿಣದ ಸರಪಳಿ ಹೇಗೆ ಕಾಯುತ್ತದೆಂಬುದನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿದರೆ ತಿಳಿಯುತ್ತದೆ.

ನಿಮ್ಮದು ಮುಧೋಳ ಅಥವಾ ಕಾರವಾನಿ ತಳಿಯಾದರೆ ಲೆಕ್ಕ ಬೇರೆ. ಗಡಿಯಾಚೆಯ ಲಾತೂರು ಸೀಮೆಯಲ್ಲಿ ಕಾರವಾನಿಗಳನ್ನು ಸಾಕುವ ವಾಡಿಕೆಯಿರುವುದರಿಂದ ಈ ಮಾತನ್ನು ವಿಶೇಷವಾಗಿ ಹೇಳಬೇಕಾಯಿತು. ಈ ಬೇಟೆನಾಯಿಗಳ ತಲೆ ಕಿರಿದು, ಕೊರಳು ಉದ್ದ, ಚರ್ಮ ತೆಳು. ಸಾದಾ ಪಟ್ಟಿಯನ್ನು ಸಡಿಲ ಕಟ್ಟಿದರೆ ಹಿಂದಕ್ಕೆ ಸರಿದು ತಲೆ ನುಸುಳಿಸಿ ಓಡುತ್ತವೆ. ಬಿಗಿ ಕಟ್ಟಿದರೆ ಚರ್ಮ ಕೀಳುತ್ತದೆ. ಇವಕ್ಕೆಂದೇ ಮಾರ್ಟಿಂಗೇಲ್ ಎಂಬ ಅಗಲ ಪಟ್ಟಿ ದೊರೆಯುತ್ತದೆ. ಅದರಲ್ಲಿ ಚಿಕ್ಕದೊಂದು ಕುಣಿಕೆಯಿದ್ದು, ನಾಯಿ ಎಳೆದಾಗ ಕೊರಳಿನಷ್ಟೇ ಅಳತೆಗೆ ಕೂಡಿ ಅಲ್ಲಿಗೆ ನಿಲ್ಲುತ್ತದೆ; ಮುಂದಕ್ಕೆ ಬಿಗಿಯುವುದಿಲ್ಲ. ಉರುಳು ಸರಪಳಿಗೂ ಇದಕ್ಕೂ ಇರುವ ಅಂತರ ಇದೇ. ಕುಣಿಕೆ ಎಲ್ಲಿಯಾದರೂ ಸಿಕ್ಕಿಕೊಳ್ಳುವ ಭಯವಿರುವುದರಿಂದ ಮನೆಗೆ ಬಂದೊಡನೆ ಬಿಚ್ಚಿಡಬೇಕು. ಅಂದಹಾಗೆ, ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಈ ತಳಿಯನ್ನು ಬೆಳೆಸುವ ಶ್ವಾನ ಸಂಶೋಧನಾ ಕೇಂದ್ರ ನಮ್ಮ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೇ ಸೇರಿದ್ದು. 2005ರಲ್ಲಿ ಅಂಚೆ ಇಲಾಖೆಯವರು ಮುಧೋಳ ನಾಯಿಯ ಚೀಟಿ ಹೊರಡಿಸಿದ್ದನ್ನು ಸಂಗ್ರಹಕಾರರು ಬಲ್ಲರು.

ವಿಪರೀತ ಎಳೆಯುವ ನಾಯಿಗೂ, ಕೆಮ್ಮುವ ಮುದಿ ನಾಯಿಗೂ, ಮೊಂಡುಮೂಗಿನ ಪಗ್ ಜಾತಿಗೂ ಎದೆಪಟ್ಟಿಯೇ ಒಳ್ಳೆಯದು. ಹಗ್ಗ ಸಿಕ್ಕಿಸುವ ಬಳೆ ಎದೆಯ ಮುಂಭಾಗದಲ್ಲಿದ್ದರೆ, ಎಳೆದಾಗ ನಾಯಿ ತಾನಾಗಿ ನಿಮ್ಮ ಕಡೆ ತಿರುಗುತ್ತದೆ. ಬಳೆ ಬೆನ್ನ ಮೇಲಿದ್ದರೆ ಇನ್ನೂ ಬಲವಾಗಿ ಎಳೆದೀತು. ಗಾಡಿ ಎಳೆಯುವ ಎತ್ತಿಗೆ ನೊಗ ಸಿಕ್ಕಂತೆ.

ಇಷ್ಟಾದರೂ ಪಟ್ಟಿ ತಾನಾಗಿ ಏನನ್ನೂ ಕಲಿಸದು. ಕಲಿಸುವುದು ನಿಮ್ಮ ಕಾಲು, ನಿಮ್ಮ ಜೇಬು. ನಾಯಿ ಹಗ್ಗ ಎಳೆದೊಡನೆ ನಿಂತುಬಿಡಿರಿ. ಬೈಯಬೇಡಿರಿ, ಜಗ್ಗಬೇಡಿರಿ; ಕಂಬದ ಹಾಗೆ ನಿಲ್ಲಿರಿ. ಅದು ತಿರುಗಿ ನೋಡಿ ಹಗ್ಗ ಸಡಿಲಾದ ಕ್ಷಣದಲ್ಲಿಯೇ "ಭಲೆ" ಎಂದು ಜೋಳದ ರೊಟ್ಟಿಯ ಉಗುರಿನಷ್ಟು ಚೂರು ಬಾಯಿಗಿಟ್ಟು ಮುನ್ನಡೆಯಿರಿ. ತಡಮಾಡಿ ಕೊಟ್ಟರೆ ಯಾವುದಕ್ಕೆ ಕೊಟ್ಟಿರೆಂದು ಅದಕ್ಕೆ ತಿಳಿಯದು. ಮೊದಲ ದಿನ ಮನೆಯಿಂದ ಬೀದಿಯ ತುದಿ ಮುಟ್ಟಲು ಅರ್ಧ ಗಂಟೆ ಹಿಡಿದರೆ ಬೇಸರಪಡಬೇಡಿರಿ. ಮನೆಯ ಎಲ್ಲರೂ ಇದೇ ನಿಯಮ ಪಾಲಿಸಬೇಕು. ಅಪ್ಪ ನಿಲ್ಲಿಸಿ ಮಗ ಓಡಿಸಿದರೆ ನಾಯಿ ಮಗನ ಪಾಠವನ್ನೇ ಹಿಡಿಯುತ್ತದೆ.

ಇನ್ನು ಗೇಟಿನ ಬಳಿ ಬೊಗಳುವ ನಾಯಿ. ಬೆಳಗಿನಿಂದ ರಾತ್ರಿಯವರೆಗೆ ಎರಡು ಮೊಳ ಸರಪಳಿಯಲ್ಲಿ ಕಟ್ಟಿಹಾಕಿದ್ದರೆ ಅದು ಬೊಗಳದೆ ಇನ್ನೇನು ಮಾಡಬೇಕು? ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಎತ್ತಿದ ಪ್ರಶ್ನೆಯ ಫಲವಾಗಿ ಬಂದ 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ 11ನೆಯ ಪ್ರಕರಣದಂತೆ, ತೀರ ಗಿಡ್ಡ ಅಥವಾ ತೀರ ಭಾರದ ಸರಪಳಿಯಲ್ಲಿ ಬಹುಕಾಲ ಕಟ್ಟಿಡುವುದು ಅಪರಾಧ. ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದೂ ಅಪರಾಧವೇ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ತಿರುಗಾಡಿ ಬಂದ ನಾಯಿ ವಾರ್ತೆಯ ಹೊತ್ತಿಗೆ ಬಹುಮಟ್ಟಿಗೆ ಮಲಗಿರುತ್ತದೆ. ಹೀಗೆ ಮಾಡಿಯೂ ಕಚ್ಚಲು ಬರುತ್ತಿದ್ದರೆ ನೋವೋ ರೋಗವೋ ಇರಬಹುದು. ಬೀದರಿನ ಪಶುವೈದ್ಯಕೀಯ ಕಾಲೇಜಿಗಾಗಲಿ ನಿಮ್ಮ ಊರಿನ ಪಶು ಆಸ್ಪತ್ರೆಗಾಗಲಿ ತೋರಿಸಿರಿ. ಹೋದಾಗ ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ತಾರೀಖನ್ನೂ ನೋಡಿಸಿಕೊಂಡು, ಅದನ್ನೂ ನಿಮ್ಮ ಫೋನ್ ಸಂಖ್ಯೆಯನ್ನೂ ಒಂದು ಬಿಲ್ಲೆಯ ಮೇಲೆ ಕೊರೆಸಿ ಹೊಸ ಪಟ್ಟಿಗೆ ಸಿಕ್ಕಿಸಿರಿ.