ಒಬ್ಬ ಡೆವಲಪರ್ ಒಪ್ಪಲಿಲ್ಲ, ಐಫೋನ್‌ನಿಂದ ವಿಎಲ್‌ಸಿ ಹೋಯ್ತು

ಟ್ರಾಫಿಕ್ ಕೋನ್ ಐಕಾನ್ ಇರೋ ವಿಎಲ್‌ಸಿ ಪ್ಲೇಯರ್ ನಿಮಗೆ ಗೊತ್ತಿರುತ್ತೆ. 2011ರ ಜನವರಿಯಲ್ಲಿ ಆ್ಯಪಲ್ ಅದನ್ನ ಆ್ಯಪ್ ಸ್ಟೋರ್‌ನಿಂದ ತೆಗೆದುಹಾಕಿತು. ದೂರು ಕೊಟ್ಟಿದ್ದು ವಿಎಲ್‌ಸಿಗೇ ಕೋಡ್ ಬರೆದಿದ್ದ ಒಬ್ಬ ಡೆವಲಪರ್!

ವಿಎಲ್‌ಸಿ ಆಗ ಜಿಪಿಎಲ್ ಲೈಸೆನ್ಸ್‌ನಲ್ಲಿತ್ತು. ಅದರ ಪ್ರಕಾರ ಸಾಫ್ಟ್‌ವೇರನ್ನ ಯಾರು ಬೇಕಾದ್ರೂ ಬದಲಾಯಿಸಬಹುದು, ಹಂಚಬಹುದು. ಮೇಲೆ ಹೊಸ ಷರತ್ತು ಹಾಕೋ ಹಾಗಿಲ್ಲ. ಆ್ಯಪ್ ಸ್ಟೋರ್ ನಿಯಮಗಳು ಅಂಥ ಷರತ್ತು ಹಾಕ್ತವೆ ಅನ್ನೋದು ಅವರ ವಾದ. ತಂಡದ ಬೇರೆ ಕೆಲವರಿಗೆ ಜನರ ಕೈಗೆ ಆ್ಯಪ್ ಸಿಗೋದೇ ಮುಖ್ಯವಾಗಿತ್ತು.

ಹಾಗಾದ್ರೆ ವೋಟ್ ಹಾಕಿ ಲೈಸೆನ್ಸ್ ಬದಲಾಯಿಸಬಹುದಿತ್ತಲ್ವಾ? ಆಗಲ್ಲ. ಕೋಡ್‌ನ ಕಾಪಿರೈಟ್ ಅದನ್ನ ಬರೆದವರದ್ದು. ಪಿತ್ರಾರ್ಜಿತ ಜಮೀನು ಮಾರೋಕೆ ಪಾಲುದಾರರೆಲ್ಲರ ಸಹಿ ಬೇಕಲ್ಲ, ಹಾಗೆ. ಕೊನೆಗೆ ತಂಡದ ಜಾನ್-ಬ್ಯಾಪ್ಟಿಸ್ಟ್ ಕೆಂಪ್ಫ್ ನೂರಕ್ಕೂ ಹೆಚ್ಚು ಡೆವಲಪರ್‌ಗಳನ್ನ ಹುಡುಕಿ ಒಪ್ಪಿಗೆ ಪಡೆದ್ರು. ಪ್ಲೇಯರ್‌ನ ಎಂಜಿನ್ ಸ್ವಲ್ಪ ಸಡಿಲವಾದ ಎಲ್‌ಜಿಪಿಎಲ್‌ಗೆ ಬಂತು. 2013ರ ಜುಲೈನಲ್ಲಿ ಆ್ಯಪ್ ಮರಳಿತು.

ಎರಡೂವರೆ ವರ್ಷ ದಂಡ ಅನ್ಸುತ್ತಾ? ನನಗೆ ಇದು ಭದ್ರತೆ ಅನ್ಸುತ್ತೆ. ಜಿಪಿಎಲ್ ಪ್ರಾಜೆಕ್ಟ್‌ಗೆ ನೀವು ಕೋಡ್ ಕೊಟ್ರೆ, ಲೈಸೆನ್ಸ್ ಬದಲಾಯಿಸೋಕೆ ನಿಮ್ಮನ್ನ ಕೇಳಬೇಕು, ಇಲ್ಲಾಂದ್ರೆ ಆ ಭಾಗ ಹೊಸದಾಗಿ ಬರೀಬೇಕು. ಆದ್ರೆ ಕೆಲವು ಪ್ರಾಜೆಕ್ಟ್‌ಗಳು ಈ ಹಕ್ಕನ್ನ ಮೊದಲೇ ಒಪ್ಪಂದದಲ್ಲಿ ಬರೆಸ್ಕೊಳ್ತವೆ. ಕೋಡ್ ಕಳಿಸೋ ಮುಂಚೆ ಅದನ್ನೊಮ್ಮೆ ಓದಿ.